ಶುಕ್ರವಾರದ ಹೂರಣ ಮತ್ತು ನನ್ನ ಗರ್ಭಕೋಶದ ಭವಿಷ್ಯ

ಮೊದಲು ಖರ್ಚು ಹೇಳಿಬಿಡುತ್ತೇನೆ. ಒಂದು ಗರ್ಭಕೋಶ, ಎರಡು ಅಂಡಾಶಯ, ಒಂದು ಪಾತೇಲಿ ಹೂರಣ, ಹಬ್ಬದ ಸೀಸನ್ನಿನ ಅಷ್ಟೂ ಚಟ್ನಿಪುಡಿ ಆರ್ಡರು, ಮತ್ತು ರಾಮದುರ್ಗದ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಅಡಿಗೆಮನೆಯಲ್ಲಿ ನನಗಿದ್ದ ಮರ್ಯಾದೆ.

ಆಸ್ಪತ್ರೆಯ ಬಿಲ್ಲು ಬೇರೆ. ಅದನ್ನು ಇಲ್ಲಿ ಬರೆದರೆ ಅಯ್ಯೋ ಪಾಪ ಬರುತ್ತದೆ, ದುಡ್ಡು ಬರುವುದಿಲ್ಲ.

ಆ ಮರ್ಯಾದೆ ಯಾಕಿತ್ತೆಂದರೆ, ನನ್ನ ಮುಟ್ಟು ನಿಂತು ಆರು ವರ್ಷವಾಗಿತ್ತು. ನಮ್ಮಂಥ ಮಡಿ-ಮೈಲಿಗೆಯ ಮನೆತನಗಳಲ್ಲಿ ಇದು ಬಹಳ ದೊಡ್ಡ ಕ್ವಾಲಿಫಿಕೇಶನ್ನು. ಯಾವ ತಾರೀಖಿಗೆ ಕರೆದರೂ "ಅಯ್ಯ, ನಾ ದೂರ ಕೂತೇನಿ" ಅನ್ನದ ಹೆಂಗಸು!

ಬೈಲಹೊಂಗಲದಲ್ಲಿ ಒಂದೇ ಒಂದು ಬಾಣಲೆಯಿಂದ ನಾನು ಕಟ್ಟಿದ ಚಟ್ನಿಪುಡಿ ವ್ಯಾಪಾರವನ್ನು ಯಾವ ಸಂಬಂಧಿಕನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಅರ್ಹತೆ ಬಂದದ್ದೇ ತಡ, ಸವದತ್ತಿಯಿಂದ ರಾಮದುರ್ಗದ ತನಕ ಎಲ್ಲರ ನೈವೇದ್ಯಕ್ಕೂ ನಾನೇ ಬೇಕು.

ಹಾಗಾಗಿ ಮತ್ತೆ ರಕ್ತ ಕಂಡಾಗ ನಾನು ಮಾಡಿದ್ದು... ಏನೂ ಇಲ್ಲ.

ಮೆಣಸಿನಕಾಯಿ ಹುರಿದ ಉಷ್ಣ ಅಂದುಕೊಂಡೆ. ಮಜ್ಜಿಗೆ ಕುಡಿದೆ. ಇನ್ನೊಮ್ಮೆ ಕಂಡಿತು. ಇನ್ನೊಂದು ಲೋಟ ಮಜ್ಜಿಗೆ.

ಶ್ರಾವಣದ ಶುಕ್ರವಾರ ಬಂತು. ಅಣ್ಣನ ಮನೆಯಲ್ಲಿ ಲಕ್ಷ್ಮೀಪೂಜೆ. ನಾನು ಮಡಿ ಉಟ್ಟು ಹೂರಣ ರುಬ್ಬುತ್ತಿದ್ದೇನೆ. ಹಿಂದಿನಿಂದ ವೈನಿ ಚೀರಿದರು.

"ಕುಸುಮಾ! ಸೀರಿ ನೋಡ್ಕೊ! ಈ ವಯಸ್ಸಿನ್ಯಾಗ ಏನ ಇದು ನಿಂದು?"

"ನನಗೇನ ಗೊತ್ರಿ ವೈನಿ. ನನ್ನ ಕೇಳಿ ಬಂದಿಲ್ಲ ಅದು."

"ಹೂರಣ ಮುಟ್ಟೀಯೇನ?"

"ಮತ್ತ ರುಬ್ಬಿದ್ದು ಯಾರು, ಲಕ್ಷ್ಮೀನ?"

ಹೂರಣ ಎಮ್ಮೆಯ ಬಾನಿಗೆ ಹೋಯಿತು, ನಾನು ಹಿತ್ತಲ ಖೋಲಿಗೆ ಹೋದೆ. ರಕ್ತ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಪಾತೇಲಿಯನ್ನು ಎಷ್ಟು ಸಲ ತಿಕ್ಕಬೇಕು ಎಂಬುದರ ಬಗ್ಗೆ ಮಾತ್ರ ಭಾರೀ ಚರ್ಚೆ.

ಖೋಲಿಯಲ್ಲಿ ಮೊದಲೇ ಒಬ್ಬಳು ಕೂತಿದ್ದಳು. ವೈನಿಯ ಸೊಸೆ ಸುಧಾ, ಕಿತ್ತೂರಿನ ಹುಡುಗಿ. ಅವಳದು ತಿಂಗಳ ಮಾಮೂಲಿ ಸರದಿ. ನನ್ನನ್ನು ಕಂಡವಳೇ ಮೊಬೈಲ್ ಕೆಳಗಿಟ್ಟಳು.

"ಅತ್ಯಾ, ನೀವ್ಯಾಕ ಇಲ್ಲೆ?"

"ಉಷ್ಣ ಆಗೇದ. ಮಜ್ಜಿಗಿ ಕುಡದ್ರ ಹೋಗ್ತದ. ಹೋದ ಎರಡ ಸಲಾನೂ ಹಂಗ ಹೋತು."

"ಎರಡ ಸಲಾ?" ಅವಳ ಮುಖ ಬದಲಾಯಿತು. "ನಿಮ್ಮದು ಪೂರ್ತಿ ನಿಂತಿತ್ತಲ್ರಿ. ನಿಂತದ್ದು ತಿರುಗಿ ಬಂದ್ರ ತೋರಿಸಬೇಕ್ರಿ. ನಮ್ಮವ್ವಗೂ ಹಿಂಗ ಆಗಿತ್ತು."

"ಡಾಕ್ಟರ್ ಏನಂದ್ರು?"

"ಏನೂ ಇಲ್ಲ ಅಂದ್ರು. ಏನೂ ಇಲ್ಲ ಅಂತ ಹೇಳಲಿಕ್ಕೂ ಅವರ ಬೇಕಲ್ರಿ ಅತ್ಯಾ. ಮಜ್ಜಿಗಿ ಹೇಳ್ತದೇನು?"

ದೂರ ಕೂತವರು ದೇವರಮನೆ ಮೆಟ್ಟುವಂತಿಲ್ಲ. ಬಸ್ಸು ಹತ್ತಬಾರದೆಂದು ಮಾತ್ರ ಯಾವ ಶಾಸ್ತ್ರದಲ್ಲೂ ಇಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಯರಗಟ್ಟಿ ದಾಟಿ ಬೆಳಗಾವಿಗೆ ಹೋದೆವು.

ಸ್ಕ್ಯಾನ್ ಆಯಿತು. ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗರ್ಭಕೋಶದ ಕ್ಯಾನ್ಸರ್.

ಸುದ್ದಿ ಹಬ್ಬಿತು ನೋಡಿ, ನನ್ನ ಭವಿಷ್ಯ ಹೇಳುವವರು ಸಾಲುಗಟ್ಟಿದರು. ಯರಗಟ್ಟಿಯ ಕಾಕಾ ಜಾತಕ ತೆಗೆದು ಗುರುಬಲ ಇಲ್ಲವೆಂದರು, ಶಾಂತಿಯನ್ನೂ ಮಾಡಿಸಿದರು. ಸವದತ್ತಿಯ ಮಾವಶಿ, ಅವ್ವನ ತಂಗಿ, ನನ್ನ ರಟ್ಟೆ ಹಿಡಿದು ನೋಡಿ, "ಇಷ್ಟ ದಪ್ಪ ಇದ್ದೀ, ನಿನಗೆಲ್ಲಿ ಕ್ಯಾನ್ಸರ್!" ಎಂದು ಕೇಸನ್ನೇ ವಜಾ ಮಾಡಿದರು.

ದಪ್ಪ ಮೈ ಮತ್ತು ಶುಗರ್ ಎರಡೂ ಈ ಕಾಯಿಲೆಯ ಆಪ್ತಮಿತ್ರರು ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಮಾವಶಿಗೆ ನಾನು ಹೇಳಲಿಲ್ಲ. ಆಕೆ ನನಗಿಂತ ದಪ್ಪ.

ಆಪರೇಶನ್ ಆಯಿತು. ತೆಗೆದದ್ದನ್ನೆಲ್ಲ ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬರುವ ತನಕದ ದಿನಗಳನ್ನು ತಮಾಷೆಯಾಗಿ ಬರೆಯಲು ಈಗಲೂ ಬರುವುದಿಲ್ಲ.

ರಿಪೋರ್ಟ್ ಬಂದ ದಿನ ಡಾಕ್ಟರಮ್ಮನನ್ನು ನೇರವಾಗಿ ಕೇಳಿದೆ: "ನಾ ಉಳೀತೇನೋ ಇಲ್ಲೋ, ಏನ ನೋಡಿ ಹೇಳ್ತೀರಿ?"

ಆಕೆ ಒಂದೊಂದಾಗಿ ಬಿಡಿಸಿದರು. ಗಡ್ಡೆ ಯಾವ ಜಾತಿಯದು (ಜಾತಿ ಅಲ್ಲಿಯೂ ಕೇಳುತ್ತಾರೆ!). ಅದರ ಕಣಗಳು ಮೂಲದ ಚಹರೆಯನ್ನು ಎಷ್ಟು ಉಳಿಸಿಕೊಂಡಿವೆ, ಅದು ಗ್ರೇಡು. ಚಹರೆ ಕೆಟ್ಟಷ್ಟೂ ಗಡ್ಡೆ ಪುಂಡ. ಗರ್ಭಕೋಶದ ಗೋಡೆಯೊಳಗೆ ಅರ್ಧದೊಳಗಿದೆಯೋ, ಅರ್ಧ ದಾಟಿದೆಯೋ. ಸಣ್ಣ ರಕ್ತನಾಳಗಳಿಗೆ ನುಗ್ಗಿದೆಯೋ. ಗರ್ಭಕಂಠಕ್ಕೆ, ದುಗ್ಧರಸ ಗ್ರಂಥಿಗಳಿಗೆ, ಅದಕ್ಕೂ ಆಚೆಗೆ ಹಬ್ಬಿದೆಯೋ. ಜೊತೆಗೆ ವಯಸ್ಸು.

ಗುರುಬಲದ ಮಾತು ಬರಲಿಲ್ಲ.

ನನ್ನದು ಸಾಧು ಜಾತಿ, ಕಡಿಮೆ ಗ್ರೇಡು, ಗೋಡೆಯಲ್ಲಿ ಅರ್ಧದೊಳಗೇ ನಿಂತಿದೆ, ರಕ್ತನಾಳ ಗ್ರಂಥಿ ಎರಡೂ ಸ್ವಚ್ಛ. "ಭರೋಸಾ ಇಡ್ರಿ. ಆದ್ರ ಗ್ಯಾರಂಟಿ ಕಾರ್ಡ್ ಕೇಳಬ್ಯಾಡ್ರಿ, ತಪಾಸಣಿಗೆ ಬರೂದು ಬಿಡಬ್ಯಾಡ್ರಿ," ಎಂದರು. ಇನ್ನಷ್ಟು ಮಜ್ಜಿಗೆ ಕುಡಿಯುತ್ತ ಕೂತಿದ್ದರೆ ಗೋಡೆ ಅಲ್ಲಿಯೇ ತಡೆದು ನಿಲ್ಲಿಸುತ್ತಿತ್ತೆಂದು ಹೇಳಲಾಗದು ಅಂತಲೂ ಅಂದರು.

ಹೊರಗೆ ಬೆಂಚಿನ ಮೇಲೆ ಸುಧಾ ಕೂತಿದ್ದಳು. ಹೇಳಿದೆ. ಅವಳು ಅತ್ತಳು. ನಾನು ಚಹಾ ತರಲು ಹೋದವಳು ಕ್ಯಾಂಟೀನಿನ ಹಿಂದೆ ನಿಂತು ಅತ್ತೆ.

ಈ ಶ್ರಾವಣಕ್ಕೆ ವೈನಿಯ ಫೋನು ಮತ್ತೆ ಬಂತು. "ಕುಸುಮಾ, ಶುಕ್ರವಾರ ಬಾ. ಈಗಂತೂ ಗರ್ಭಚೀಲಾನ ಇಲ್ಲ, ಕಾಯಮ್ ಮಡಿ! ನೋಡು, ಅವತ್ತ ನಾ ಚೀರಿದ್ದಕ್ಕ ನೀ ಉಳದಿ."

"ಹೌದ್ರಿ ವೈನಿ. ಹೂರಣಕ್ಕ ಚೀರಿದ್ರಿ, ನಡುವ ನಾನೂ ಉಳದೆ."

ಹೋದೆ. ಅಡಿಗೆಮನೆಗಲ್ಲ. ಆ ಶುಕ್ರವಾರವೂ ಸುಧಾಳ ಸರದಿ ಬಂದಿತ್ತು. ಹಿತ್ತಲ ಖೋಲಿಯಲ್ಲಿ ಅವಳ ಚಾಪೆಯ ಮೇಲೆ, ಅವಳನ್ನು ಮುಟ್ಟಿಕೊಂಡೇ ಕೂತೆ. ಕಾಯಮ್ ಮಡಿ ಅಲ್ಲಿಗೆ ಮುಗಿಯಿತು. ಹೋಳಿಗೆ ಪೇಟೆಯಿಂದ ಬಂತು.

ಈಗ ಜಮಾ ಲೆಕ್ಕ. ಎಮ್ಮೆಗೆ ಹೂರಣ. ಕಾಕಾಗೆ ಶಾಂತಿ ಮಾಡಿಸಿದ ದಕ್ಷಿಣೆ. ವೈನಿಗೆ ಜೀವ ಉಳಿಸಿದ ಕೀರ್ತಿ. ನನಗೆ ಇನ್ನಷ್ಟು ವರ್ಷ, ಎಷ್ಟೆಂದು ಗೊತ್ತಿಲ್ಲ. ಉಳಿಸಿದವಳಿಗೆ ಅದೇ ಖೋಲಿ, ಅದೇ ಚಾಪೆ.

ನಿಮ್ಮ ಮನೆಯಲ್ಲಿ ಯಾರಾದರೂ ಸುಮ್ಮನೆ ಮಜ್ಜಿಗೆ ಕುಡಿಯುತ್ತಿದ್ದಾರೇನು, ಯಾವತ್ತಾದರೂ ಕೇಳಿದ್ದೀರಾ?