ಎರಡು ಸಲ ತಟ್ಟಿದ ಕೈ

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಇರಬೇಕು, ನನಗೆ ಇಪ್ಪತ್ನಾಲ್ಕು. ದಾಂಡೇಲಿಯ ಬಜಾರಿನಲ್ಲಿ ಹೊರಟರೆ ಹುಡುಗರು "ಬಾಕ್ಸರ್ ಬಂದ" ಎಂದು ದಾರಿ ಬಿಡುತ್ತಿದ್ದರು. ನಾನೂ ನೆಲದಿಂದ ಒಂದು ಗೇಣು ಮೇಲೆಯೇ ನಡೆಯುತ್ತಿದ್ದೆ. ಬೆಳಗ್ಗೆ ಕಾಳಿ ನದಿಯ ಸೇತುವೆಯವರೆಗೆ ಓಡಿಬಂದರೂ ಏದುಸಿರಿಲ್ಲ. ಎದುರಾಳಿಯ ಭುಜ ಅಲುಗಿದರೆ ಸಾಕು, ಏಟು ಎಲ್ಲಿಗೆ ಬರುತ್ತದೆಂದು ಮೈಗೇ ಗೊತ್ತಾಗುತ್ತಿತ್ತು. ಬಾಕ್ಸರನ ಭರದ ವಯಸ್ಸು ಅಂದರೆ ಅದೇ. ಆ ವಯಸ್ಸಿನಲ್ಲಿ ಮಾಡಿದ ಒಂದು ಕೆಲಸ ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ನನಗೆ ಬಾಕ್ಸಿಂಗ್ ಕಲಿಸಿದವರು ತೇರಗಾಂವ ಕಡೆಯ ಸಿದ್ದಿ ಮನೆತನದವರೊಬ್ಬರು. ಕಾಗದದ ಕಾರ್ಖಾನೆಗೆ ಬರುವ ಬಿದಿರು ಇಳಿಸುವ ದಿನಗೂಲಿ. ನಾನೂ ಅವರ ಜೋಡಿ ಬಿದಿರು ಹೊರುತ್ತಿದ್ದೆ, ಅಣ್ಣಾ ಎನ್ನುತ್ತಿದ್ದೆ. ಸಂಜೆ ವ್ಯಾಯಾಮ ಮಂಡಳಿಯ ತಗಡಿನ ಶೆಡ್ಡಿನಲ್ಲಿ ಅವರು ನನ್ನಂಥ ಹತ್ತು ಜನರಿಗೆ ಪುಕ್ಕಟೆ ಕಲಿಸುತ್ತಿದ್ದರು.

ಬಿದಿರಿನ ಹೊರೆಗೆ ಇಬ್ಬರು ಹೆಗಲು ಕೊಟ್ಟಾಗ ಮುಂದಿನವನಿಗೆ ಹಿಂದಿನವನು ಕಾಣುವುದಿಲ್ಲ. ಹಿಂದಿನವನಿಗೆ ದಮ್ಮು ಹತ್ತಿದರೆ ಬಿದಿರಿನ ಮೇಲೆ ಎರಡು ಸಲ ತಟ್ಟುತ್ತಾನೆ. ಮುಂದಿನವನು ಎಲ್ಲಿದ್ದಾನೋ ಅಲ್ಲೇ ನಿಲ್ಲಬೇಕು. ನಿಲ್ಲದವನ ಜೋಡಿ ಮರುದಿನ ಯಾರೂ ಹೊರೆ ಎತ್ತುತ್ತಿರಲಿಲ್ಲ. ಅಣ್ಣ ಅದನ್ನೇ ರಿಂಗಿಗೂ ತಂದಿದ್ದರು. ತೊಡೆಯ ಮೇಲೆ ಎರಡು ಸಲ ತಟ್ಟಿದರೆ, ತಡಿ, ಉಸಿರು ಬೇಕು ಎಂದರ್ಥ. ಕಲಿಯುವಾಗ ನಾನೆಷ್ಟು ಸಲ ತಟ್ಟಿದ್ದೆನೋ! ಒಮ್ಮೆಯೂ ಅವರ ಕೈ ನನ್ನ ಮೇಲೆ ಬರಲಿಲ್ಲ.

ಆ ವರ್ಷ ಮಂಡಳಿಯವರು ಕಲಿಸುವವರಿಗೆ ಸಂಬಳದ ಕಾಯಂ ಹುದ್ದೆ ಮಾಡಲು ಹೊರಟರು. ಅಣ್ಣನಿಗೆ ನಲವತ್ತು ಸಮೀಪಿಸಿತ್ತು. ಹೊತ್ತೂ ಹೊತ್ತೂ ಒಂದು ಹೆಗಲು ಬಾತುಕೊಂಡಿತ್ತು. ಆ ಹುದ್ದೆ ಸಿಕ್ಕರೆ ಬಿದಿರು ಹೊರುವುದು ತಪ್ಪುತ್ತಿತ್ತು.

"ಇನ್ನೂ ಗಟ್ಟಿ ಅದಾರೋ ಇಲ್ಲೋ ನೋಡೂಣು. ನಿನ್ನ ಜೋಡಿ ಮೂರು ಸುತ್ತು ಆಡ್ಲಿ" ಎಂದರು ಮಂಡಳಿಯ ಅಧ್ಯಕ್ಷರು.

ಆಟದ ಹಿಂದಿನ ದಿನ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು.

"ತಮ್ಮಾ, ಗೆಲ್ಲೂದು ಬ್ಯಾಡ ನನಗ. ಮೂರು ಸುತ್ತು ನಿಂದರಾಕ ಬಿಡು, ಸಾಕು."

"ಚಿಂತಿ ಮಾಡಬ್ಯಾಡ್ರಿ ಅಣ್ಣಾ, ನಾ ಇದ್ದೇನಲ್ರಿ" ಎಂದೆ. ಮನಸ್ಸಿನಿಂದಲೇ ಅಂದಿದ್ದೆ.

ಭಾನುವಾರ ಹಳಿಯಾಳದಿಂದಲೂ ಜನ ಬಂದಿದ್ದರು. ಮೊದಲ ಸುತ್ತು ಚೆನ್ನಾಗಿಯೇ ಸಾಗಿತು. ಎರಡನೆಯದರಲ್ಲಿ ಅಣ್ಣನದೊಂದು ಏಟು ನನ್ನ ಮೂಗಿಗೆ ನೇರವಾಗಿ ಬಿತ್ತು. ಜನ ಶಿಳ್ಳೆ ಹೊಡೆದರು. "ಮುದುಕನ ಕೈಯಾಗ ತಿಂದ ನೋಡ್ರೋ!" ಎಂದು ಯಾರೋ ಕೂಗಿದ. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿದ್ದವನು ನಾನು.

ಮೂರನೆಯ ಸುತ್ತಿನಲ್ಲಿ ಅಣ್ಣ ಬಾಯಿ ತೆರೆದು ಉಸಿರಾಡುತ್ತಿದ್ದರು. ಅವರ ಎಡಗೈ ಇಳಿದು ತೊಡೆಯ ಮೇಲೆ ಎರಡು ಸಲ ತಟ್ಟಿತು. ಜನರಿಗೆ ಏನೂ ತಿಳಿಯಲಿಲ್ಲ, ನನಗೆ ತಿಳಿಯಿತು. ಗಲ್ಲ ಕಾಯಬೇಕಾದ ಕೈ ಈಗ ಕೆಳಗಿದೆ ಎಂಬುದೂ ತಿಳಿಯಿತು. ಬಲಗೈಯಿಂದ ಗಲ್ಲಕ್ಕೇ ಹೊಡೆದೆ. ಅಣ್ಣ ಬಿದ್ದರು.

"ಕೈ ತಡೀಲಿಲ್ಲ" ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಸುಳ್ಳು. ಆ ವಯಸ್ಸಿನಲ್ಲಿ ನನ್ನ ಕೈ ನಾನು ಹೇಳಿದಂತೆ ಕೇಳುತ್ತಿತ್ತು. ಅರ್ಧ ದಾರಿಯಲ್ಲಿ ಏಟು ನಿಲ್ಲಿಸುವುದು ನನಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಅದನ್ನು ಕಲಿಸಿದವರೂ ಅವರೇ.

ಅಣ್ಣ ಎದ್ದು ಕೂರುವಷ್ಟರಲ್ಲಿ ಅಧ್ಯಕ್ಷರು "ಇವರ ಆಟ ಮುಗೀತು ಬಿಡ್ರಿ" ಎಂದಾಗಿತ್ತು. ತಮ್ಮ ಗ್ಲೌಸು ಬಿಚ್ಚಿದ ಮೇಲೆ ಅಣ್ಣ ಎಂದಿನಂತೆ ನನ್ನವನ್ನೂ ಬಿಚ್ಚಿಕೊಟ್ಟರು. ಮುಖ ನೋಡಲಿಲ್ಲ.

ವಾರದ ನಂತರ ಆ ಹುದ್ದೆ ನನಗೇ ಬಂತು. ಏನೂ ಅರಿಯದ ಅವ್ವ ಹಿಗ್ಗಿ, ಪೇಡೆಯ ಪೊಟ್ಟಣ ಕೈಗಿಟ್ಟು, "ಮೊದ್ಲ ನಿನಗ ಕಲಿಸಿದವರಿಗೆ ಕೊಟ್ಟು ಬಾ" ಎಂದಳು. ತೇರಗಾಂವಕ್ಕೆ ಹೋದೆ. ಅಣ್ಣ ಕಟ್ಟೆಯ ಮೇಲೆ ಹೆಗಲಿಗೆ ಬಿಸಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕಾಲು ಹಿಡಿದು ಅತ್ತುಬಿಟ್ಟೆ. ಅಳು ನಿಜದ್ದೇ.

"ಅಣ್ಣಾ, ಈ ನೌಕರಿ ನನಗ ಬ್ಯಾಡ್ರಿ. ಅಧ್ಯಕ್ಷರಿಗೆ ಹೇಳಿ ಬರ್ತೇನಿ" ಎಂದೆ.

ಅವರು ಪೇಡೆ ಮುರಿದು ಬಾಯಿಗೆ ಹಾಕಿಕೊಂಡರು.

"ಹುಚ್ಚ ಅದಿ. ನೀ ಬಿಟ್ಟರ ನನಗ ಕೊಡ್ತಾರೇನು? ಇಟಗೋ. ಆದ್ರ ಹುಡುಗರು ತಟ್ಟಿದ್ರ ನೀ ನಿಂದರು."

ಹೂಂ ಎಂದು ತಲೆಯಾಡಿಸಿದೆ. ಹುದ್ದೆಯ ಕಾಗದಕ್ಕೆ ಹಿಂದಿನ ದಿನವೇ ಸಹಿ ಹಾಕಿ ಬಂದಿದ್ದೇನೆ ಎಂದು ಮಾತ್ರ ಅವರಿಗೆ ಹೇಳಲಿಲ್ಲ.