ದರಕಿನ ಗುಡ್ಡದಲ್ಲಿ ಜಾರಿದ ಭಾನುವಾರ

ನನ್ನ ಮಕ್ಕಳಿಗೆ ಸಮುದ್ರ ಗೊತ್ತಿತ್ತು, ಕಾಡು ಗೊತ್ತಿರಲಿಲ್ಲ. ನಾವಿರುವುದು ಅರ್ಗಾದಲ್ಲಿ, ಬಾಡಿಗೆ ಮನೆಯಲ್ಲಿ. ಗಂಡನಿಗೆ ಅಲ್ಲೇ ಗಾರೆ ಕೆಲಸ. ರಜೆಯ ಸಂಜೆ ಮಕ್ಕಳನ್ನು ಮರಳಿನಲ್ಲಿ ಆಡಿಸಿ ಕರೆತಂದರೆ ಮುಗಿಯಿತು. ಒಂದು ದಿನ ಊಟಕ್ಕೆ ಕೂತ ಆರು ವರ್ಷದ ಮಗಳು ಕೇಳಿದಳು: "ಆಯಿ, ಕಾಡು ಟೀವಿ ಒಳಗೆ ಮಾತ್ರ ಇರೂದಾ?"

ಗಂಡನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವರು ಹುಟ್ಟಿದ ಶೆಟಗೇರಿಯ ಮನೆಯ ಹಿಂದೆಯೇ ಗುಡ್ಡ, ಗುಡ್ಡದ ತುಂಬ ಮರ. ಮುಂದಿನ ಭಾನುವಾರವೇ ಬನ್ಸ್ ಕರಿದು ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿದೆವು.

ಆ ಮನೆಯಲ್ಲಿ ಅತ್ತೆ ಇದ್ದಾರೆ, ಭಾವನ ಸಂಸಾರದ ಜೊತೆ. ಮಾತು ಕಮ್ಮಿ, ನಗು ಇನ್ನೂ ಕಮ್ಮಿ. ಮದುವೆಯಾಗಿ ಬಂದಾಗಿನಿಂದ ಅವರ ಮುಂದೆ ನಾನು ಲೋಟವನ್ನು ಕೂಡ ಸದ್ದಾಗದಂತೆ ಇಡುತ್ತೇನೆ. ವಿಷಯ ಕೇಳಿ ಅವರು ಹುಬ್ಬು ಗಂಟಿಕ್ಕಿದರು.

"ಗುಡ್ಡದಲ್ಲಿ ಎಂತ ಅದೆ ನೋಡೂಕೆ? ದರಕು ಅದೆ." ದರಕು ಎಂದರೆ ಉದುರಿ ಒಣಗಿದ ಎಲೆ. ಆದರೂ ನಾವು ಅಂಗಳ ದಾಟುವಷ್ಟರಲ್ಲಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಹಿಂದೆಯೇ ಬಂದರು. "ಮಕ್ಕಳನ್ನ ನಿಮ್ಮ ಕೈಲಿ ಬಿಟ್ರೆ ಆಯ್ತು. ನಾನೂ ಬತ್ತೆ."

ಶೇಂಗಾ ಗದ್ದೆ ದಾಟಿ ಮರಗಳ ನೆರಳಿಗೆ ಬಂದದ್ದೇ ಮಗಳು ಕಾನೂನು ಹೊರಡಿಸಿದಳು. ಹುಲಿ ಮಲಗಿರುತ್ತದೆ, ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ನಾವೆಲ್ಲ ಪಿಸುಗುಟ್ಟುತ್ತ ನಡೆದೆವು. ಅತ್ತೆಯೂ. ಮೂರು ವರ್ಷದ ಮಗ ಮಾತ್ರ ಹುಲಿಯ ಚಿಂತೆಯಿಲ್ಲದೆ ಸಿಕ್ಕ ಕಲ್ಲನ್ನೆಲ್ಲ ಅಪ್ಪನ ಪ್ಯಾಂಟಿನ ಜೇಬಿಗೆ ತುಂಬುತ್ತಿದ್ದ. ಒಂದನ್ನು ಎಸೆದರೂ ಅಳು. ಗಂಡ ಒಂದು ಕೈಯಲ್ಲಿ ಬನ್ಸ್ ಡಬ್ಬಿ, ಇನ್ನೊಂದರಲ್ಲಿ ಜಾರುವ ಪ್ಯಾಂಟು ಹಿಡಿದು ಹತ್ತುತ್ತಿದ್ದರು.

ಅಷ್ಟರಲ್ಲಿ ಪೊದೆಯಲ್ಲಿ ಸರಬರ ಸದ್ದಾಯಿತು. ಮಗಳು ಒಂದೇ ನೆಗೆತಕ್ಕೆ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಅವರ ಎರಡೂ ಕೈ ಅವಳನ್ನು ಹಿಡಿಯಲು ಹೋದವು, ಡಬ್ಬಿ ಬಿದ್ದು ಬನ್ಸ್ ಚೆಲ್ಲಿದವು, ಪ್ಯಾಂಟೂ ಅರ್ಧ ಇಳಿಯಿತು. ಪೊದೆಯಿಂದ ಹೊರಬಂದದ್ದು ಒಂದು ಹೇಂಟೆ, ಯಾರದೋ ಮನೆಯ ಕೋಳಿ. ಅದು ನಮ್ಮನ್ನು ಓರೆಗಣ್ಣಿನಲ್ಲಿ ನೋಡಿ, ಬನ್ಸನ್ನು ಒಮ್ಮೆ ಕುಕ್ಕಿ ಹೋಯಿತು.

"ಹುಲಿ ಹೋಯ್ತಾ?" ಮಗಳು ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು.

"ಹೋಯ್ತು ತಂಗಿ. ಮೊಟ್ಟೆ ಇಡೂಕೆ ಹೋಯ್ತು," ಎಂದರು ಅತ್ತೆ. ಮುಖದಲ್ಲಿ ನಗುವಿಲ್ಲ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಮೇಲೆ ಅಕೇಶಿಯಾ ಮರಗಳ ಇಳಿಜಾರು. ನೆಲ ಕಾಣದಷ್ಟು ದರಕು. ಅತ್ತೆ ಹಿಂದೆ ತಿರುಗಿ, "ಇಲ್ಲಿ ಹುಷಾರು, ಕಾಲು ಜಾ..." ಎಂದರು. ಮಾತು ಮುಗಿಯುವ ಮೊದಲೇ ಕೂತರು. ಕೂತವರು ಹಾಗೇ ಹೊರಟರು. ಸೊಂಯ್ ಎಂದು ನನ್ನ ಪಕ್ಕದಿಂದಲೇ ಇಳಿದು, ಕೆಳಗೆ ದರಕಿನ ರಾಶಿಯಲ್ಲಿ ಮೊಣಕಾಲವರೆಗೆ ಹುಗಿದು ನಿಂತರು.

ಗಂಡ "ಆಯೀ" ಎಂದು ಕೂಗುತ್ತ ಓಡಿದರು. ಅತ್ತೆಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದೇ ತಿಳಿದೆ. ಹತ್ತಿರ ಹೋದರೆ, ನಗು. ಉಸಿರು ಸಿಗದಂಥ ನಗು, ಕಣ್ಣಲ್ಲಿ ನೀರು.

"ಪೆಟ್ಟಾಯ್ತಾ ಅತ್ತೆ?"

"ಎಂತ ಪೆಟ್ಟು. ಸಣ್ಣಿರುವಾಗ ದರಕು ಗುಡಿಸೂಕೆ ಬಂದು ನಾವು ಇದೇ ಮಾಡೂದಾಗಿತ್ತು. ಮನೆಲಿ ಬೈಸ್ಕೊಳ್ಳೂದು, ಮರುದಿವ್ಸ ಮತ್ತೆ ಜಾರೂದು."

ಮಗ ಚಪ್ಪಾಳೆ ತಟ್ಟಿದ. "ಅಜ್ಜಿ, ಇನ್ನೊಂದ್ಸಲ."

ಅತ್ತೆ ನನ್ನ ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು, ಮೊಮ್ಮಗನನ್ನು ಎತ್ತಿಕೊಂಡು ಇಳಿಜಾರು ಹತ್ತಿದರು. ಈ ಸಲ ಬೇಕೆಂದೇ ಕೂತು, ಅವನನ್ನು ತೊಡೆಯ ಮೇಲಿಟ್ಟುಕೊಂಡು ಜಾರಿದರು. ಆಮೇಲೆ ಮಗಳು ಜಾರಿದಳು. ಜೇಬಿನ ಕಲ್ಲುಗಳ ಭಾರಕ್ಕೆ ಗಂಡ ಎಲ್ಲರಿಗಿಂತ ಜೋರಾಗಿ ಹೋಗಿ ಒಂದು ಮರವನ್ನು ತಬ್ಬಿಕೊಂಡರು. ನಾನು ಅವರ ಜೊತೆ ಹತ್ತಿ ಮೇಲೆಯೇ ನಿಂತು, ಬೇಡ, ಹೊಸ ಸೀರೆ ಅನ್ನುತ್ತಿದ್ದೆ.

"ಸೀರೆ ತೊಳೆಯೂಕಾಗ್ತದೆ. ಬಾ," ಎಂದರು ಅತ್ತೆ ಕೆಳಗಿನಿಂದ.

ಅವರ ಮಾತು ಮೀರುವ ಅಭ್ಯಾಸ ನನಗಿಲ್ಲ. ಕೂತೆ, ಕಣ್ಣು ಮುಚ್ಚಿದೆ. ಹೊಟ್ಟೆಯೊಳಗಿಂದ ಒಂದು ಕಿರುಚು ಎದ್ದು ಬಂತು. ಅದು ನನ್ನದೇ ದನಿ ಎಂದು ಗೊತ್ತಾದದ್ದು ಅತ್ತೆಯ ಮಡಿಲಿಗೆ ಹೋಗಿ ಬಿದ್ದ ಮೇಲೆ. ಅವರು ನನ್ನ ತಲೆಯಿಂದ ಎಲೆ ಹೆಕ್ಕುತ್ತ ಮತ್ತೆ ನಗತೊಡಗಿದರು.

ಗುಡ್ಡದ ತುದಿಯ ಬಂಡೆಯಿಂದ ಸಮುದ್ರ ಕಾಣುತ್ತದಂತೆ. ನಾವು ಅಲ್ಲಿವರೆಗೆ ಹೋಗಲೇ ಇಲ್ಲ.

ಸಂಜೆ ಬಸ್ಸಿನಲ್ಲಿ ಮಕ್ಕಳು ನಮ್ಮ ಮಡಿಲಲ್ಲಿ ನಿದ್ದೆ ಹೋದರು. ಕಂಡಕ್ಟರ್ ಬಂದು "ಎಲ್ಲಿಗೆ?" ಎಂದು ಕೇಳಿದಾಗ ಗಂಡ ನನ್ನ ಕೂದಲಲ್ಲಿ ಉಳಿದಿದ್ದ ದರಕು ನೋಡಿದರು, ಅಷ್ಟೇ. ಇಬ್ಬರಿಗೂ ನಗು ಉಕ್ಕಿತು. ಅರ್ಗಾ ಎಂಬ ಎರಡು ಅಕ್ಷರ ಹೇಳಲಾಗದೆ ಅವರು ಸುಮ್ಮನೆ ಮುಂದಿನ ರಸ್ತೆಗೆ ಕೈ ತೋರಿಸಿದರು.