ಒಂಟಿ ನಿಂಗಿ ಮತ್ತು ಎರಡು ಜೊತೆ ಚಪ್ಪಲಿ

ಆಗೆಲ್ಲ ಬೇಸಿಗೆ ರಜೆ ಅಂದರೆ ನಮಗೆ ಊರಿಗೆ ಹೋಗುವುದಲ್ಲ, ಮಹಡಿ ಹತ್ತುವುದು. ಎಂಬತ್ತರ ದಶಕದ ಕಾಮಾಕ್ಷಿಪಾಳ್ಯದಲ್ಲಿ, ಮಾಗಡಿ ರೋಡಿನಿಂದ ಎರಡು ತಿರುವು ಒಳಗೆ, ಎಂಟು ಮನೆಗಳ ವಠಾರ ನಮ್ಮದು. ಒಂದು ಕಡೆಯಿಂದ ಲೇತ್ ಶಾಪಿನ ಆಯಿಲ್ ವಾಸನೆ, ಇನ್ನೊಂದು ಕಡೆಯಿಂದ ಗಾರ್ಮೆಂಟ್ಸಿನ ಹೊಸ ಬಟ್ಟೆಯ ಗಂಜಿ ವಾಸನೆ. ಮಹಡಿಯ ಮೇಲೆ ಮಾತ್ರ ಸಂಡಿಗೆ ಹಿಟ್ಟಿನ ಜೀರಿಗೆ ಘಮ. ಕಾಗೆ ಓಡಿಸುವ ಕೆಲಸ ಮಕ್ಕಳದು. ನೀರಿನ ಟ್ಯಾಂಕಿನ ನೆರಳಲ್ಲಿ ಕೂತು, ಅರ್ಧ ಒಣಗಿದ ಸಂಡಿಗೆಯನ್ನು ಕಾಗೆಗಿಂತ ಜಾಸ್ತಿ ನಾವೇ ತಿನ್ನುತ್ತಿದ್ದೆವು.

ನಾನೀಗ ದೆವ್ವದ ಕತೆ ಬರೆಯುವವನು. ಸಲಿಂಗಿ. ಎರಡನ್ನೂ ಮುಚ್ಚಿಟ್ಟಿಲ್ಲ, ಎರಡಕ್ಕೂ ನಾಚಿಕೆಯಿಲ್ಲ. ನಿಮ್ಮ ಮೊದಲ ಕತೆ ಯಾವುದು ಎಂದು ಯಾರಾದರೂ ಕೇಳಿದರೆ ಅಚ್ಚಾದದ್ದರ ಹೆಸರು ಹೇಳಿ ಸಾಗಹಾಕುತ್ತೇನೆ. ನಿಜವಾದ ಮೊದಲ ಕತೆ ಅಚ್ಚಾಗಲೇ ಇಲ್ಲ. ಅದನ್ನು ಹನ್ನೆರಡನೆಯ ವಯಸ್ಸಿನಲ್ಲಿ ಆ ಮಹಡಿಯ ಮೇಲೆ, ಮಾನ ಉಳಿಸಿಕೊಳ್ಳಲು ಕಟ್ಟಿದ್ದೆ.

ನಾನು ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದೆ, ಚೆನ್ನಾಗಿಯೇ ಆಡುತ್ತಿದ್ದೆ. ಅದಕ್ಕೆ ಗೋಲಿ ಆಡುವ ಹುಡುಗರು ನನ್ನನ್ನು ಹೆಣ್ಣಿಗ ಅಂತ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹಂಚುವಾಗ ನನಗೆ ಮಾತ್ರ ಕೊಡದೆ ನಕ್ಕರು. ಮೈ ಉರಿದುಹೋಯಿತು. ಹೊಡೆದಾಡುವ ಶಕ್ತಿಯಂತೂ ಇರಲಿಲ್ಲ, ಆದರೆ ಬಾಯಿ ಇತ್ತಲ್ಲ. ಸುಂಕದಕಟ್ಟೆ ಕಡೆಯಿಂದ ಮಾಗಡಿ ರೋಡ್ ಹಿಡಿದು ಒಬ್ಬಳು ನಡೆದುಬರುತ್ತಿದ್ದಾಳೆ, ನಿಮಗೆ ಗೊತ್ತಿಲ್ಲವಾ ಅಂದೆ. ಹೆಸರು ಒಂಟಿ ನಿಂಗಿ, ಕಲ್ಲುಕ್ವಾರಿಯಲ್ಲಿ ಒಬ್ಬಳೇ ಬಿದ್ದು ಸತ್ತವಳು. ಪ್ರತಿ ಮನೆಯ ಬಾಗಿಲಲ್ಲೂ ಬಗ್ಗಿ ಚಪ್ಪಲಿ ನೋಡುತ್ತಾಳೆ. ಒಂದೇ ಜೊತೆ ಕಂಡರೆ ಒಳಗೆ ಒಬ್ಬರೇ ಇದ್ದಾರೆ ಅಂತ ಲೆಕ್ಕ. ಒಳಗೆ ಹೋಗಿ ಅವರನ್ನು ತನ್ನ ಜೊತೆಗೆ ಕರೆದುಕೊಂಡು ಹೋಗುತ್ತಾಳೆ.

ಕತೆ ಮುಗಿಯುವಷ್ಟರಲ್ಲಿ ಕಾಗೆಗಳು ಸಂಡಿಗೆ ಖಾಲಿ ಮಾಡಿದ್ದವು, ಒಬ್ಬನೂ ಎದ್ದಿರಲಿಲ್ಲ. ಮಾವಿನಕಾಯಿ ತಾನಾಗೇ ನನ್ನ ಕೈಗೆ ಬಂತು. ಆ ಖುಷಿ ಏನು ಹೇಳಲಿ, ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ವಾರ ಕಳೆಯುವುದರೊಳಗೆ ನಿಂಗಿ ಮಹಡಿಯಿಂದ ಇಳಿದು ಅಡುಗೆಮನೆಗಳಿಗೆ ಹೋಗಿದ್ದಳು. ಗಂಡ ಫ್ಯಾಕ್ಟರಿಗೆ ಹೋದಮೇಲೆ ಒಬ್ಬಳೇ ಇರುವ ಹೆಂಗಸರು ತಮ್ಮ ಚಪ್ಪಲಿಯ ಪಕ್ಕ ಇನ್ನೊಂದು ಜೊತೆ ಇಡತೊಡಗಿದರು. ಹರಿದ ಹವಾಯಿ, ಸವೆದ ಶೂ, ಏನಾದರೂ ಸರಿ. ನಂಬುವುದಿಲ್ಲ ಎಂದು ನಗುತ್ತಿದ್ದ ನಮ್ಮಮ್ಮನೂ ಇಟ್ಟಳು.

ಕೊನೆಯ ಮನೆಯಲ್ಲಿ ಗೋಪಾಲ ಮೇಷ್ಟ್ರು ಒಬ್ಬರೇ ಇದ್ದರು. ಪಾಠದ ಮೇಷ್ಟ್ರಲ್ಲ, ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮೇಷ್ಟ್ರು. ಅವರ ಸ್ನೇಹಿತ ಚಂದ್ರಣ್ಣ, ಬಸ್ ಕಂಡಕ್ಟರ್, ಡ್ಯೂಟಿ ಮುಗಿಸಿ ಊಟಕ್ಕೆ ಬರುತ್ತಿದ್ದರು, ಎಷ್ಟೋ ಸಲ ಉಳಿದುಕೊಳ್ಳುತ್ತಿದ್ದರು. ವಠಾರದ ಓನರ್ ಪುಟ್ಟಮ್ಮಜ್ಜಿಗೆ ಅದು ಸರಿಬರಲಿಲ್ಲ. ಸಂಕ್ರಾಂತಿ ಹೊತ್ತಿಗೆ ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ನೋಡಿ, ಮನೆ ಕೊಟ್ಟಿದ್ದು ಒಬ್ಬರಿಗೆ, ಇನ್ನೊಂದು ಸಲ ಕಂಡರೆ ಖಾಲಿ ಮಾಡಿ ಎಂದು ನಲ್ಲಿ ಹತ್ತಿರ ಎಲ್ಲರೆದುರು ಅಂದಿದ್ದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕಿದ್ದರು. ಆಮೇಲೆ ಚಂದ್ರಣ್ಣ ಈ ಕಡೆ ತಲೆ ಹಾಕಿರಲಿಲ್ಲ.

ನಿಂಗಿ ಬಂದಮೇಲೆ ಮೇಷ್ಟ್ರ ಬಾಗಿಲಲ್ಲೂ ಎರಡು ಜೊತೆ ಬಂತು, ಹಗಲೂ ರಾತ್ರಿ ಅಲ್ಲೇ ಇರುತ್ತಿತ್ತು. ಎಲ್ಲರ ಬಾಗಿಲಲ್ಲೂ ಹಾಗೇ ಇದ್ದಾಗ ಅವರನ್ನು ಮಾತ್ರ ಕೇಳುವುದು ಹೇಗೆ? ಅಜ್ಜಿ ಬಾಯಿ ಮುಚ್ಚಿಕೊಂಡರು. ಇದರಲ್ಲಿ ಏನೋ ಇದೆ ಎಂದು ನನಗೆ ಹೊಳೆಯಲೂ ಇಲ್ಲ.

ಅಷ್ಟರಲ್ಲಿ ಅಜ್ಜಿಯ ಮೊಮ್ಮಗ ಕುಮಾರನಿಗೆ ಜ್ವರ ಬಂತು. ಆರು ವರ್ಷದವನು, ಅನ್ನ ಬಿಟ್ಟು ನಿಂಗಿ ನಿಂಗಿ ಎಂದು ಬಡಬಡಿಸುತ್ತಿದ್ದ. ಅಜ್ಜಿ ಒಬ್ಬೊಬ್ಬ ಹುಡುಗನ ಕಿವಿ ಹಿಂಡಿ ಮೂಲ ಹುಡುಕಿದರು. ಭಾನುವಾರ ಬೆಳಗ್ಗೆ ನಲ್ಲಿ ಹತ್ತಿರ ಎಲ್ಲರೆದುರು ಅದು ಸುಳ್ಳು ಎಂದು ನಾನು ಒಪ್ಪಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಅಪ್ಪನೂ ಹೇಳಿ ಮುಗಿಸು ಅಂದರು. ನಾನು ಹೇಳುವವನೇ ಇದ್ದೆ. ಪಾಪ, ಕುಮಾರನ ಮುಖ ನೋಡಲಾಗುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಚಡ್ಡಿಯ ಗುಂಡಿ ಹಾಕಿಸಲು ಅಮ್ಮ ಮೇಷ್ಟ್ರ ಮನೆಗೆ ಕಳಿಸಿದಳು. ಬಾಗಿಲು ಅರ್ಧ ತೆರೆದಿತ್ತು. ಚಂದ್ರಣ್ಣ ಖಾಕಿ ಅಂಗಿ ಬಿಚ್ಚಿಟ್ಟು ಬನಿಯನ್ನಿನಲ್ಲಿ ಊಟಕ್ಕೆ ಕೂತಿದ್ದರು. ಮೇಷ್ಟ್ರು ಮುದ್ದೆಯ ಮೇಲೆ ಬಸ್ಸಾರು ಬಿಡುತ್ತಾ, ಕೆಂಗೇರಿ ರೂಟಿನಲ್ಲಿ ಬಿಸಿಲು ಎಷ್ಟಿತ್ತು ಅಂತ ಕೇಳುತ್ತಿದ್ದರು. ನಮ್ಮಪ್ಪ ಅಮ್ಮ ದಿನಾ ಆಡುವಂಥದೇ ಮಾತು. ಅದನ್ನು ಇಬ್ಬರು ಗಂಡಸರು ಆಡುವುದನ್ನು ನಾನು ಅವತ್ತೇ ಕೇಳಿದ್ದು. ಯಾಕೋ ನನಗೆ ಅಳು ಬರುವಷ್ಟು ಸಂತೋಷವಾಯಿತು.

ನನ್ನನ್ನು ಕಂಡು ಚಂದ್ರಣ್ಣ ಬಿಚ್ಚಿಟ್ಟ ಅಂಗಿಗೆ ಕೈ ಚಾಚಿದರು. ನಾಳೆಯ ವಿಷಯ ಅವರಿಗೆ ಗೊತ್ತಿತ್ತು. ಚಂದ್ರಣ್ಣನೇ ಮೊದಲು ಮಾತಾಡಿದ್ದು.

"ಹೇಳ್ಬಿಡಪ್ಪ, ಸುಳ್ಳು ಅಂತ. ಸುಮ್ನೆ ಏಟು ತಿನ್ಬೇಡ. ನಾನು ಇನ್ಮೇಲೆ ಬರಲ್ಲ, ಅಷ್ಟೇ ತಾನೇ."

ಸೌಟು ಹಿಡಿದ ಮೇಷ್ಟ್ರ ಕೈ ಅಲ್ಲೇ ನಿಂತಿತ್ತು. ಆಮೇಲೆ ಕಣ್ಣೊರೆಸಿಕೊಂಡು ಗುಂಡಿ ಹಾಕಿಕೊಟ್ಟರು. ನಿಂಗಿ ಸುಳ್ಳಾದರೆ ಎಲ್ಲರೂ ಹೆಚ್ಚಿನ ಚಪ್ಪಲಿ ಒಳಗೆ ತೆಗೆದುಕೊಳ್ಳುತ್ತಾರೆ, ಇವರ ಬಾಗಿಲಲ್ಲಿ ಮಾತ್ರ ಎರಡು ಜೊತೆ ಕಾಣುತ್ತದೆ ಎಂದು ನನಗೆ ಅರ್ಥವಾದದ್ದು ಮನೆಗೆ ಬರುವ ದಾರಿಯಲ್ಲಿ.

ಭಾನುವಾರ ಬಿಂದಿಗೆಗಳ ನಡುವೆ ನನ್ನನ್ನು ನಿಲ್ಲಿಸಿದರು. ಅಜ್ಜಿಯ ಸೊಂಟದ ಮೇಲೆ ಕುಮಾರ, ಕಂಬಳಿ ಹೊದ್ದುಕೊಂಡು. ನಾನು ಅವನನ್ನೇ ನೋಡಿಕೊಂಡು ಹೇಳಿದೆ. ನಿಂಗಿ ಮಕ್ಕಳನ್ನು ಮುಟ್ಟುವುದಿಲ್ಲ, ಅವಳಿಗೆ ಮಕ್ಕಳೆಂದರೆ ಪ್ರಾಣ. ಎರಡು ಜೊತೆ ಚಪ್ಪಲಿ ಕಂಡರೆ, ಸದ್ಯ ಇಲ್ಲಿ ಯಾರೂ ಒಂಟಿಯಲ್ಲ ಅಂತ ಸಮಾಧಾನ ಮಾಡಿಕೊಂಡು, ಆ ಮನೆಯ ಕಾಯಿಲೆಯನ್ನೂ ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ. ಹಾಗೆ ಹೋಗುತ್ತಿರುವುದನ್ನು ನಿನ್ನೆ ನಾನೇ ನೋಡಿದೆ ಅಂತಲೂ ಸೇರಿಸಿದೆ.

"ಸುಳ್ಳು ಅಂತ ಹೇಳ್ತೀಯೋ ಇಲ್ವೋ?" ಅಜ್ಜಿ ಕೇಳಿದರು.

"ಸುಳ್ಳಲ್ಲ ಅಜ್ಜಿ."

ಅಪ್ಪನ ಏಟು ಬಿತ್ತು. ಒಂದಲ್ಲ, ನಾಲ್ಕೈದು. ನಾನು ಬಾಯಿ ಬಿಡಲಿಲ್ಲ. ಗುಂಪಿನ ಹಿಂದೆ ನಿಂತಿದ್ದ ಮೇಷ್ಟ್ರು ಮುಂದೆ ಬಂದು ಅಪ್ಪನ ಕೈ ಹಿಡಿದುಕೊಂಡರು. ಕುಮಾರ ಕಂಬಳಿಯೊಳಗಿಂದ, ನಿಂಗಿ ನಗ್ತಾಳಾ ಅಂತ ಕೇಳಿದ. ಜೋರಾಗಿ ನಗ್ತಾಳೆ ಅಂದೆ. ಸಂಜೆಗೆ ಅವನು ಅನ್ನ ಸಾರು ಉಂಡ. ಜ್ವರ ಬಿಟ್ಟಿದ್ದು ಡಾಕ್ಟರ ಮಾತ್ರೆಯಿಂದ ಅನ್ನುವುದು ನನಗೂ ಗೊತ್ತು. ಮಾರನೆಯ ದಿನ ಅಜ್ಜಿಯ ಹೊಸ್ತಿಲಲ್ಲಿ, ತೀರಿಹೋದ ತಾತನ ಚರ್ಮದ ಮೆಟ್ಟು ಒರೆಸಿ ಇಟ್ಟದ್ದು ಕಂಡಿತು.

ಚಂದ್ರಣ್ಣ ಇನ್ನೂ ಮೂರು ವರ್ಷ ಆ ಮನೆಗೆ ಬಂದುಹೋಗಿ ಮಾಡಿದರು. ಆಮೇಲೆ ನಾವು ವಿಜಯನಗರಕ್ಕೆ ಮನೆ ಬದಲಾಯಿಸಿದೆವು.

ಕತೆ ಕಟ್ಟುವುದು ಹೇಗೆಂದು ಆ ಬೇಸಿಗೆಯಲ್ಲೇ ಕಲಿತೆ. ಈಗಲೂ ನಾನು ಕೊನೆಯ ಪುಟದಲ್ಲಿ ದೆವ್ವ ಸುಳ್ಳೆಂದು ಬಿಡಿಸಿ ಹೇಳುವುದಿಲ್ಲ. ವಿಮರ್ಶಕರು ಬೈಯುತ್ತಾರೆ, ಬೈಯಲಿ. ಬಸವೇಶ್ವರನಗರದಲ್ಲಿ ನಾನೂ ನನ್ನ ಸಂಗಾತಿಯೂ ಇರುವ ಮನೆಯ ಬಾಗಿಲ ಮೇಲೆ ಇಬ್ಬರ ಹೆಸರೂ ಇದೆ, ಯಾವ ದೆವ್ವದ ಹಂಗೂ ಇಲ್ಲ. ಆದರೆ ನನ್ನ ಒಂದು ಮಾತಿಗೆ ಎಂಟು ಮನೆಯವರು ಬಾಗಿಲಿನ ಚೆಹರೆ ಬದಲಿಸಿದ ಆ ನಂಬಿಕೆ ಇನ್ನು ಸಿಗುವುದಿಲ್ಲ. ಹೆದರಿಕೆಯಾಯಿತು ಸಾರ್ ಎಂದು ಓದುಗರು ಬರೆಯುತ್ತಾರೆ, ಪುಸ್ತಕ ಮಡಚಿಟ್ಟು ನಿದ್ದೆ ಮಾಡುತ್ತಾರೆ.

ಮೊದಲ ಪುಸ್ತಕ ಬಂದಾಗ ಒಂದು ಪ್ರತಿ ಹಿಡಿದು ಕಾಮಾಕ್ಷಿಪಾಳ್ಯಕ್ಕೆ ಹೋದೆ. ವಠಾರದ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತ್ತು. ಮೇಷ್ಟ್ರು ಹೆಗ್ಗನಹಳ್ಳಿ ಕಡೆ ಇದ್ದಾರೆ ಎಂದು ಯಾರೋ ಅಂದರು, ಅಲ್ಲಿಯೂ ಹುಡುಕಿದೆ. ಮೇಷ್ಟ್ರು ಆ ವರ್ಷವೇ ತೀರಿಕೊಂಡಿದ್ದರು, ಚಂದ್ರಣ್ಣ ಎಲ್ಲಿ ಹೋದರೋ ಅಕ್ಕಪಕ್ಕದವರಿಗೆ ತಿಳಿಯದು. ನಾನೂ ನಿಮ್ಮ ಹಾಗೇ ಮೇಷ್ಟ್ರೇ, ಎಂದು ಹೇಳಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ನನ್ನ ಬಾಯಿಂದ ಅವರು ಕೇಳಿದ್ದು ಕೊನೆಗೂ ಆ ಸುಳ್ಳೊಂದನ್ನೇ.